ಹಾರ್ಟ್ ಅಟ್ಯಾಕ್ ಆದವರಿಗೆ ಬಿಪಿ 94/76 ಇದ್ದರೂ ಶಾಕ್ ಅಂತಾರಾ?

ಸಿಸಿಯು (ಹೃದ್ರೋಗಿಗಳ ತೀವ್ರ ನಿಗಾ ಘಟಕ) ಪೋಸ್ಟಿಂಗ್‌ನಲ್ಲಿ ಸೀನಿಯರ್ ಸಿಸ್ಟರ್ ಹಾಗಂದರು, ಡ್ರಿಪ್ ಹಾಕೋಕೂ ಬಿಡಲಿಲ್ಲ, ಯಾಕೆ ಅಂತ ಕೇಳಿದ್ದೀರಿ. ನಾನೂ ಸಿಸಿಯು ನರ್ಸ್. ಅವರು ಹೇಳಿದ್ದು ಸರಿ. ಇಲ್ಲಿ ಶಾಕ್ ಅಂದರೆ ಅಂಗಾಂಗಗಳಿಗೆ ಬೇಕಾದಷ್ಟು ರಕ್ತ ತಲುಪದ ಸ್ಥಿತಿ.

94ರಲ್ಲಿ 76 ಕಳೆಯಿರಿ. ಬರೀ 18, ಮೇಲಿನ ಅಂಕಿಯ ಕಾಲು ಭಾಗವೂ ಇಲ್ಲ. ಹೃದಯ ಪ್ರತಿ ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾಗಿದೆ, ರಕ್ತನಾಳಗಳು ಬಿಗಿದುಕೊಂಡು ಬಿಪಿಯನ್ನು ಹೇಗೋ ಹಿಡಿದಿವೆ. ಪುಸ್ತಕದಲ್ಲಿರುವ 'ಮೇಲಿನ ಬಿಪಿ 90ರ ಕೆಳಗೆ ಅರ್ಧ ಗಂಟೆ' ಬರಲಿ ಅಂತ ಕಾದರೆ ತಡವಾಗುತ್ತೆ.

ಮಾನಿಟರ್ ನೋಡುವ ಮೊದಲು ಹೊದಿಕೆ ಸರಿಸಿ ಕಾಲು ಮುಟ್ಟಿ. ತಣ್ಣಗಿರೋದು ಪಾದದಲ್ಲಷ್ಟೇ ಇದೆಯಾ, ಮೊಣಕಾಲಿನವರೆಗೂ ಏರಿದೆಯಾ? ಬೆರಳ ತುದಿ ಒತ್ತಿ ಬಿಟ್ಟರೆ ಬಣ್ಣ ಬರೋಕೆ 3 ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತಾ? ಯೂರಿನ್ ಗಂಟೆಗೊಮ್ಮೆ ಅಳೆಯಿರಿ, 60 ಕೆಜಿಯವರಿಗೆ 30 ಎಂಎಲ್ ಆದರೂ ಬರಬೇಕು. ಬೆಳಗ್ಗೆ ಚೆನ್ನಾಗಿ ಮಾತಾಡಿದವರು ಈಗ ಮಾಸ್ಕ್ ಕಿತ್ತು ಹಾಕ್ತಿದ್ದರೆ 'ಸಹಕರಿಸುತ್ತಿಲ್ಲ' ಅಂತ ಬರೆದು ಸುಮ್ನಾಗಬೇಡಿ. ಮೆದುಳಿಗೆ ರಕ್ತ ಸಾಲದಿದ್ದರೂ ಹಾಗಾಗುತ್ತೆ. ಅಂಗಾಂಗಗಳಿಗೆ ಆಮ್ಲಜನಕ ಸಾಲದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ 2 ದಾಟಿದ್ದರೆ ಅನುಮಾನ ಇನ್ನೂ ಗಟ್ಟಿ.

ಇನ್ನು ಡ್ರಿಪ್. ಹೃದಯವೆಂಬ ಪಂಪೇ ಸೋತಿರುವಾಗ ಸುರಿದ ನೀರು ಶ್ವಾಸಕೋಶಕ್ಕೆ ಇಳಿಯುತ್ತೆ. ಬಲಗಡೆಯ ಹೃದಯಕ್ಕೆ ಅಟ್ಯಾಕ್ ಆಗಿದ್ದರೆ ಮಾತ್ರ ಲೆಕ್ಕ ಬೇರೆ: ಕುತ್ತಿಗೆಯ ರಕ್ತನಾಳ ಉಬ್ಬಿರುತ್ತೆ, ಶ್ವಾಸಕೋಶ ಕ್ಲಿಯರ್ ಇರುತ್ತೆ. ಅಂಥವರಿಗೆ ಡಾಕ್ಟರ್ ಸ್ವಲ್ಪ ಸ್ವಲ್ಪ ಫ್ಲೂಯಿಡ್ ಕೊಟ್ಟು ನೋಡಬಹುದು. ಅವರಿಗೆ ರಕ್ತನಾಳ ಸಡಿಲಿಸುವ ನೈಟ್ರೋಗ್ಲಿಸರಿನ್ ಕೊಟ್ಟರೆ ಬಿಪಿ ಧಡಕ್ಕನೆ ಬೀಳಬಹುದು.

ಔಷಧಿಯಲ್ಲಿ ಈಗ ಸಾಮಾನ್ಯವಾಗಿ ಮೊದಲು ರಕ್ತನಾಳ ಬಿಗಿಸಿ ಬಿಪಿ ಏರಿಸುವ ನಾರ್‌ಅಡ್ರಿನಲಿನ್, ಸರಾಸರಿ (ಮೀನ್) ಬಿಪಿ 65ರ ಆಸುಪಾಸು ಇರುವಂತೆ. ಹೃದಯದ ಬಡಿತಕ್ಕೆ ಬಲ ಬೇಕಾದರೆ ಡೊಬುಟಮಿನ್ ಸೇರುತ್ತೆ. 2010ರ ಒಂದು ದೊಡ್ಡ ಅಧ್ಯಯನದಲ್ಲಿ ಬಿಪಿ ಏರಿಸುವ ಇನ್ನೊಂದು ಔಷಧಿಯಾದ ಡೋಪಮಿನ್‌ನಿಂದ ಬಡಿತದ ಏರುಪೇರು ಜಾಸ್ತಿ ಕಂಡಿತು. ನಾರ್‌ಅಡ್ರಿನಲಿನ್ ಕೈಯ ಲೈನ್‌ನಲ್ಲಿ ಹೋಗುತ್ತಿದ್ದರೆ ಆ ಜಾಗದಿಂದ ಕಣ್ಣು ತೆಗೆಯಬೇಡಿ. ಹೊರಗೆ ಸೋರಿದರೆ ಚರ್ಮ ಬಿಳಿಚಿಕೊಂಡು ಕೊನೆಗೆ ಸತ್ತೇ ಹೋಗಬಹುದು.

ಇದೆಲ್ಲ ಸಮಯ ದಕ್ಕಿಸಿಕೊಳ್ಳೋಕೆ ಅಷ್ಟೇ. ಅಟ್ಯಾಕ್‌ನಿಂದ ಬಂದ ಶಾಕ್‌ಗೆ ಮುಖ್ಯ ಚಿಕಿತ್ಸೆ ಮುಚ್ಚಿದ ರಕ್ತನಾಳ ಬೇಗ ತೆರೆಯೋದು. 1999ರ 'ಶಾಕ್' ಹೆಸರಿನ ಟ್ರಯಲ್‌ನಲ್ಲಿ 6 ತಿಂಗಳ ಹೊತ್ತಿಗೆ ಆ ಲಾಭ ಸ್ಪಷ್ಟವಾಯಿತು. ರಕ್ತನಾಳ ತೆರೆಯುವ ಕ್ಯಾಥ್ ಲ್ಯಾಬ್‌ಗೆ ಹೊರಡುವ ಮುಂಚೆ ಸಿರಿಂಜ್ ಪಂಪ್‌ನ ಬ್ಯಾಟರಿ ನೋಡಿ, ಇನ್ನೊಂದು ಸಿರಿಂಜ್ ತುಂಬಿ ಲೇಬಲ್ ಹಾಕಿ ಜೊತೆಗೇ ಒಯ್ಯಿರಿ. ಲಿಫ್ಟ್‌ನಲ್ಲಿ ಔಷಧಿ ಮುಗಿದರೆ ತಂದುಕೊಡೋರು ಯಾರೂ ಇರಲ್ಲ.