ಕ್ಯಾಮೆರಾ ಇರಲಿ, ಬಾಗಿಲಲ್ಲಿ ಜನರೂ ಇರಲಿ

ಓದುಗರ ಪತ್ರ: ನಾನು ಉಡುಪಿ ಜಿಲ್ಲೆಯ ಒಂದು ಚರ್ಚಿನ ಪಾಲನಾ ಮಂಡಳಿಯ ಸದಸ್ಯ. ನಮ್ಮಲ್ಲಿ ಈ ವರ್ಷ ಎರಡು ಸಲ ಕಾಣಿಕೆ ಡಬ್ಬಿ ಒಡೆದರು. ಕ್ರಿಸ್ಮಸ್‌ಗೆ ಮುಂಚೆ 16 ಕ್ಯಾಮೆರಾ ಹಾಕಿಸಿ, ಬಲಿಪೂಜೆ (ಮಾಸ್) ಹೊತ್ತಿನಲ್ಲಿ ಪಕ್ಕದ ಬಾಗಿಲುಗಳಿಗೆ ಬೀಗ ಹಾಕೋಣ ಅಂತಿದ್ದೇವೆ. ಇಷ್ಟು ಸಾಕೇ?

ಸಂಪಾದಕರ ಉತ್ತರ: ಕ್ಯಾಮೆರಾ ಹಾಕಿಸಿ. ಬೀಗ ಮಾತ್ರ ದಯವಿಟ್ಟು ಬೇಡ.

ಕ್ರಿಸ್ಮಸ್ ರಾತ್ರಿ ನಿಮ್ಮ ಚರ್ಚನ್ನು ಒಮ್ಮೆ ನೆನಪಿಸಿಕೊಳ್ಳಿ. ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ತುಂಬ ಒಣ ಬೈಹುಲ್ಲು. ಅದರೊಳಗೆ ಸೀರಿಯಲ್ ಸೆಟ್. ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಸ್ಟಾರ್, ಫ್ಯಾನು, ಕೀಬೋರ್ಡ್ ಎಲ್ಲಾ ಸಿಕ್ಕಿಸಿರುತ್ತಾರೆ. ಪಕ್ಕದಲ್ಲೇ ಮೇಣದಬತ್ತಿ. ಕಳ್ಳನಿಗಿಂತ ನನಗೆ ಇದರದ್ದೇ ಭಯ ಜಾಸ್ತಿ. ಬೆಂಕಿ ಕಂಡರೆ ಜನ ತಾವು ಬಂದ ಬಾಗಿಲಿಗೇ ಓಡುತ್ತಾರೆ. ಪಕ್ಕದ ಬಾಗಿಲಿಗೆ ಬೀಗ ಬಿದ್ದಿದ್ದರೆ ಎಲ್ಲರೂ ಮುಂಬಾಗಿಲಲ್ಲೇ ಸಿಕ್ಕಿಕೊಳ್ಳುತ್ತಾರೆ. ಜನ ಒಳಗಿರುವಷ್ಟು ಹೊತ್ತು ಎಲ್ಲಾ ಬಾಗಿಲೂ ಒಳಗಿನಿಂದ ತಳ್ಳಿದರೆ ತೆರೆಯುವಂತಿರಬೇಕು. ಜಾಗ ಸಾಲಲಿಲ್ಲ ಅಂತ ನಡುದಾರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕುವುದೂ ಬೇಡ.

ಬೆಂಕಿ ಆರಿಸುವ ಸಿಲಿಂಡರ್ ನಿಮ್ಮಲ್ಲಿ ಇರಬಹುದು. ಎಲ್ಲಿದೆ? ಬಹಳ ಕಡೆ ಪೂಜೆಯ ಸಾಮಾನು ಇಡುವ ಸಾಕ್ರಿಸ್ತಿ ಕೋಣೆಯೊಳಗೆ, ಕಪಾಟಿನ ಹಿಂದೆ ಇರುತ್ತದೆ. ಅದನ್ನು ಗೋದಲಿ ಹತ್ತಿರ, ಕೈಗೆ ಸಿಗುವಂತೆ ಇಡಿ. ಹುಲ್ಲಿಗೂ ಕರೆಂಟಿನ ಬೆಂಕಿಗೂ ಆಗುವುದು ಎಬಿಸಿ ಪೌಡರ್ ತುಂಬಿದ ಸಿಲಿಂಡರ್. ಅದರ ಒತ್ತಡದ ಮೀಟರಿನ ಮುಳ್ಳು ಹಸಿರು ಭಾಗದಲ್ಲಿದೆಯಾ ನೋಡಿ. ಪಿನ್ ಎಳೆದು, ಜ್ವಾಲೆಯ ಬುಡಕ್ಕೆ ಗುರಿಯಿಟ್ಟು ಒತ್ತುವುದನ್ನು ನಾಲ್ಕು ಯುವಕರಿಗಾದರೂ ಹೇಳಿಕೊಡಿ.

ಇನ್ನು ಬಾಗಿಲಲ್ಲಿ ನಿಲ್ಲುವವರ ವಿಷಯ. 2019ರ ಏಪ್ರಿಲ್ 21, ಈಸ್ಟರ್ ಭಾನುವಾರ. ಶ್ರೀಲಂಕಾದ ಬಟ್ಟಿಕಲೋವಾದ ಝಿಯಾನ್ ಚರ್ಚಿಗೆ ಬ್ಯಾಗ್ ಹೊತ್ತ ಅಪರಿಚಿತನೊಬ್ಬ ಬಂದ. ರಮೇಶ್ ರಾಜು ಎಂಬವರಿಗೆ ಅನುಮಾನ ಬಂತು. ಒಳಗೆ ಬಿಡದೆ ತಡೆದರು. ಬಾಂಬ್ ಹೊರಗೇ ಸಿಡಿಯಿತು. ರಾಜು ಉಳಿಯಲಿಲ್ಲ, ಎಷ್ಟೋ ಮಕ್ಕಳೂ ಉಳಿಯಲಿಲ್ಲ. ಆದರೆ ಒಳಗೆ ನೂರಾರು ಜನ ಇದ್ದರು, ಬಾಂಬ್ ಅವರ ನಡುವೆ ಸಿಡಿಯಲಿಲ್ಲ. ಬಾಗಿಲಲ್ಲಿ ಬರೀ ಕ್ಯಾಮೆರಾ ಇದ್ದಿದ್ದರೆ ಅದು ಅವನು ಒಳಗೆ ಹೋದದ್ದನ್ನು ರೆಕಾರ್ಡ್ ಮಾಡುತ್ತಿತ್ತು, ಅಷ್ಟೇ ಅಲ್ವಾ?

ಹಾಗಂತ ಯಾರೂ ಪ್ರಾಣ ಕೊಡಬೇಕು ಅಂತಲ್ಲ. ಪ್ರತಿ ವಾಳೆಯಿಂದ (ಚರ್ಚಿನ ವಾರ್ಡ್) ಇಬ್ಬರನ್ನು ಸರದಿಯಂತೆ ಬಾಗಿಲಲ್ಲಿ ನಿಲ್ಲಿಸಿ. ವಾಳೆಯ ಮುಖಂಡರಾದ ಗುರಿಕಾರರಿಗೆ ಹೇಳಿದರೆ ಜನ ಸಿಗುತ್ತಾರೆ. ನಗುತ್ತಾ "ನಮಸ್ಕಾರ, ಎಲ್ಲಿಂದ ಬಂದ್ರಿ?" ಅಂತ ಕೇಳಿದರೆ ಸಾಕು. ಮೇಣದಬತ್ತಿ ಹಚ್ಚಲು ಬಂದ ಬೇರೆ ಧರ್ಮದವರಿಗೆ ಅದು ಸ್ವಾಗತ. ಕೆಟ್ಟ ಉದ್ದೇಶದವನಿಗೆ ತನ್ನ ಮುಖ ಯಾರೋ ನೋಡಿದರು ಅನ್ನುವ ಅಳುಕು. ಬ್ಯಾಗ್ ತಡಕಾಡುವುದು, ಹೆಸರು ಕೇಳಿ ಜಾತಿ ಊಹಿಸುವುದು ಬೇಡವೇ ಬೇಡ. ಅನುಮಾನ ಗಟ್ಟಿಯಾದರೆ ದೂರ ನಿಂತು 112ಕ್ಕೆ ಫೋನ್ ಮಾಡಲಿ.

ಕರಾವಳಿಯವರಿಗೆ 2008ರ ಸೆಪ್ಟೆಂಬರ್ 14 ಮರೆತಿರಲಿಕ್ಕಿಲ್ಲ. ಅವತ್ತು ಮಂಗಳೂರಿನ ಮಿಲಾಗ್ರಿಸ್ ಚರ್ಚಿನ ಹತ್ತಿರದ ಆಡೊರೇಶನ್ ಮೊನಾಸ್ಟರಿ ಎಂಬ ಸನ್ಯಾಸಿನಿಯರ ಮಠಕ್ಕೆ ಗುಂಪೊಂದು ನುಗ್ಗಿ ದಾಂಧಲೆ ಮಾಡಿತು. ಅಂಥ ಹೊತ್ತಿನಲ್ಲಿ ಪೊಲೀಸರಿಗೆ ಯಾರು ಫೋನ್ ಮಾಡಬೇಕು, ಮಕ್ಕಳನ್ನು ಯಾವ ಕಡೆಯಿಂದ ಹೊರಗೆ ಕಳಿಸಬೇಕು, ಪತ್ರಿಕೆಯವರ ಹತ್ತಿರ ಯಾರು ಮಾತಾಡಬೇಕು ಅನ್ನುವುದು ಮೊದಲೇ ತೀರ್ಮಾನ ಆಗಿರಬೇಕು. ವಾಟ್ಸ್‌ಆ್ಯಪ್ ಗುಂಪಿಗೆ ಬಿಟ್ಟರೆ ಗಾಳಿಸುದ್ದಿ ಜಾಸ್ತಿಯಾಗುತ್ತದೆ.

ಕಳ್ಳತನದ ಬಗ್ಗೆ ಕೇಳಿದ್ದೀರಿ, ಅದನ್ನೇ ಬಿಟ್ಟೆ ಅಂದುಕೊಳ್ಳಬೇಡಿ. ಡಬ್ಬಿಯನ್ನು ಪ್ರತಿ ಭಾನುವಾರ ಸಂಜೆ ಇಬ್ಬರ ಎದುರು ಖಾಲಿ ಮಾಡಿ, ಖಾಲಿಯಾಗಿದೆ ಅಂತ ಅದರ ಮೇಲೇ ಬರೆಯಿರಿ. ಕ್ಯಾಮೆರಾದ ದೃಶ್ಯ ರೆಕಾರ್ಡ್ ಮಾಡುವ ಡಿವಿಆರ್ ಪೆಟ್ಟಿಗೆ ಕಾಣುವ ಜಾಗದಲ್ಲಿ ಬೇಡ. ತಿಳಿದ ಕಳ್ಳ ಮೊದಲು ಅದನ್ನೇ ಕಿತ್ತುಕೊಂಡು ಹೋಗುತ್ತಾನೆ. 16ರ ಬದಲು 6 ಕ್ಯಾಮೆರಾ ಹಾಕಿಸಿ, ಉಳಿದ ಹಣದಲ್ಲಿ ಹಳೇ ವೈರಿಂಗ್ ಬದಲಿಸಿ.

ಇನ್ಶೂರೆನ್ಸ್ ಕಾಗದವನ್ನೂ ಒಮ್ಮೆ ತೆಗೆದು ಓದಿ. ಬೆಂಕಿಯ ಪಾಲಿಸಿ ಇದ್ದರೆ ಕಳ್ಳತನಕ್ಕೂ ಸಿಗುತ್ತದೆ ಅಂದುಕೊಂಡವರು ತುಂಬ ಜನ. ಸಾಮಾನ್ಯವಾಗಿ ಅದನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ಮೊತ್ತ ಕಡಿಮೆ ಬರೆಸಿದರೂ ಕಷ್ಟ. 1 ಕೋಟಿಯ ಕಟ್ಟಡಕ್ಕೆ 50 ಲಕ್ಷ ಬರೆಸಿ, 10 ಲಕ್ಷ ನಷ್ಟವಾದರೆ 5 ಲಕ್ಷವಷ್ಟೇ ಕೊಡುವ ಷರತ್ತು ಎಷ್ಟೋ ಪಾಲಿಸಿಗಳಲ್ಲಿದೆ. ನಿಮ್ಮದರಲ್ಲಿ ಏನಿದೆ ಅಂತ ಏಜೆಂಟರಿಂದ ಬರೆಸಿಕೊಳ್ಳಿ, ಬಾಯಿಮಾತು ಬೇಡ.

— ಸಂ.