ಲ್ಯಾಪ್‌ಟಾಪ್ ಬೇಡ, ಒಂದು ಹಿಡಿ ತೊಗರಿ ಬೇಳೆ ತೊಗೊಳ್ಳಿ

ಬೀದರ್‌ನಲ್ಲಿ ಬಿ.ಕಾಂ. ಓದುತ್ತ, ರಾತ್ರಿಯೆಲ್ಲ ಅನಿಮೇಷನ್ ಚಿತ್ರ ನೋಡುತ್ತ, 'ನಾನೂ ಒಂದು ಕಿರುಚಿತ್ರ ಮಾಡಬೇಕು, ಗ್ರಾಫಿಕ್ಸ್ ಕಾರ್ಡ್ ಇರೋ ಲ್ಯಾಪ್‌ಟಾಪ್ ಮೊದಲೋ, ಬೆಂಗಳೂರಿನ ಕೋರ್ಸ್ ಮೊದಲೋ' ಅಂತ ಕೇಳಿದ್ದೀರಿ. ಕಲಬುರಗಿಯಲ್ಲಿ ಕೂತು ನಾನೂ ಇದನ್ನೇ ಕೇಳುತ್ತಿದ್ದೆ. ಎರಡೂ ಬೇಡ. ರೊಕ್ಕ ಸದ್ಯ ಬ್ಯಾಂಕಿನಲ್ಲೇ ಇರಲಿ. ಕರಿ ಬಟ್ಟೆಯ ಮೇಲೆ ತೊಗರಿ ಬೇಳೆ ಇಟ್ಟು, ಚೂರುಚೂರೇ ಸರಿಸುತ್ತ ಮೊಬೈಲಿನಲ್ಲಿ ಒಂದೊಂದೇ ಫೋಟೊ ತೆಗೆದು ಸಾಲಾಗಿ ಓಡಿಸಿ, ಅದೇ ಅನಿಮೇಷನ್ (ಇದಕ್ಕೆ ಸ್ಟಾಪ್ ಮೋಷನ್ ಅಂತಾರೆ).

ನನ್ನ ಮೊದಲ ಚಿತ್ರ 30 ಸೆಕೆಂಡಿನದು. ಸೆಕೆಂಡಿಗೆ 12ರಂತೆ 360 ಫೋಟೊ. ಒಂದೂ ಕೆಲಸಕ್ಕೆ ಬರಲಿಲ್ಲ. ಓಡಿಸಿ ನೋಡಿದರೆ ಸ್ಟಾರ್ಟರ್ ಕೆಟ್ಟ ಟ್ಯೂಬ್‌ಲೈಟಿನ ಹಾಗೆ ಮಿಣಮಿಣ. ತಪ್ಪು ಒಂದೇ: ಮೊಬೈಲ್ ಕ್ಯಾಮೆರಾವನ್ನು ಆಟೊ ಮೋಡ್‌ನಲ್ಲಿ ಬಿಟ್ಟಿದ್ದೆ.

ಇದು ಸಣ್ಣ ತಪ್ಪು ಅನ್ನಿಸಬಹುದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಆಟೊದಲ್ಲಿರುವ ಕ್ಯಾಮೆರಾ ಪ್ರತಿ ಫೋಟೊಗೂ ಬೆಳಕನ್ನು ಹೊಸದಾಗಿ ಅಳೆಯುತ್ತದೆ. ಕೆಳಗೆ ಕರಿ ಬಟ್ಟೆ, ಮೇಲೆ ನಾಲ್ಕೇ ಬೇಳೆ ಇದ್ದರೆ 'ಕತ್ತಲೆ ಜಾಸ್ತಿ' ಅಂದುಕೊಂಡು ಎಲ್ಲವನ್ನೂ ಬೆಳಗಿಸುತ್ತದೆ; ಕರಿ ಬಟ್ಟೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬೇಳೆ ಹರಡುತ್ತ ಹೋದ ಹಾಗೆ 'ಬೆಳಕು ಜಾಸ್ತಿ' ಅಂತ ಇಳಿಸುತ್ತದೆ. ಬಟ್ಟೆ ಮತ್ತೆ ಕಪ್ಪು. ಬಿಳಿ ಬಣ್ಣದ ಲೆಕ್ಕವೂ (ವೈಟ್ ಬ್ಯಾಲೆನ್ಸ್) ಹೀಗೇ: ಒಂದು ಫ್ರೇಮಿನಲ್ಲಿ (ಅಂದರೆ ಒಂದು ಫೋಟೊದಲ್ಲಿ) ಬೇಳೆ ಹಳದಿ, ಮುಂದಿನದರಲ್ಲಿ ಕೇಸರಿ. ಬಿಡಿ ಫೋಟೊ ನೋಡಿದರೆ ಎಲ್ಲವೂ ಚಂದ. ಸಾಲಾಗಿ ಓಡಿಸಿದಾಗ ಮಾತ್ರ ಗೊತ್ತಾಗುತ್ತದೆ, ಅಷ್ಟೊತ್ತಿಗೆ ಬೇಳೆ ಡಬ್ಬಿ ಸೇರಿರುತ್ತದೆ.

ಹಾಗಾಗಿ ಕ್ಯಾಮೆರಾದ ಪ್ರೊ ಮೋಡ್‌ಗೆ ಹೋಗಿ ನಾಲ್ಕನ್ನೂ ಕೈಯಿಂದ ಕಟ್ಟಿಹಾಕಿ: ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 100, ಶಟರ್ (ಒಂದು ಫೋಟೊಗೆ ಬೆಳಕು ಒಳಬಿಡುವ ಸಮಯ) 1/25 ಸೆಕೆಂಡ್, ವೈಟ್ ಬ್ಯಾಲೆನ್ಸ್ 5000 ಕೆಲ್ವಿನ್ ಆಸುಪಾಸು, ಫೋಕಸ್ ಮ್ಯಾನ್ಯುಅಲ್. ಬೆಳಕು ಸಾಲದಿದ್ದರೆ ಐಎಸ್ಒ ಏರಿಸಿ, ಶಟರ್ ಮುಟ್ಟಬೇಡಿ. 1/25 ಯಾಕಂದರೆ ನಮ್ಮ ಕರೆಂಟ್ 50 ಹರ್ಟ್ಸ್‌ನದು, ಅಗ್ಗದ ಎಲ್ಇಡಿ ಬಲ್ಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/25ರಲ್ಲಿ ಪ್ರತಿ ಫೋಟೊಗೂ ಸರಿಯಾಗಿ ನಾಲ್ಕು ಮಿನುಗು ಸಿಗುತ್ತವೆ. 1/60 ಇಟ್ಟರೆ ಒಂದೂವರೆ ಚಿಲ್ಲರೆ. ಫೋಟೊದಿಂದ ಫೋಟೊಗೆ ಬೆಳಕು ಬೇರೆ. ಪ್ರೊ ಮೋಡ್ ಇಲ್ಲದ ಫೋನಾದರೆ ಪರದೆಯನ್ನು ಒತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ. ಆದರೆ ನಡುವೆ ಒಂದು ಕಾಲ್ ಬಂದರೂ, ಪರದೆ ಆರಿದರೂ ಆ ಲಾಕ್ ಬಿಚ್ಚಿಕೊಳ್ಳುತ್ತದೆ. ಏರೋಪ್ಲೇನ್ ಮೋಡ್ ಹಾಕಿಯೇ ಕೂತುಕೊಳ್ಳಿ.

ಕಿಟಕಿ ಮುಚ್ಚಿ, ಮೇಲೆ ದಪ್ಪ ಚಾದರ ಬಿಡಿ. ಬಿಸಿಲು ಸರಿಯುತ್ತದೆ, ಮೋಡ ಬರುತ್ತದೆ. ಫ್ಯಾನ್ ಬಂದ್. ಬಿಳಿ ಬನಿಯನ್ ಹಾಕಿ ಬಗ್ಗಬೇಡಿ, ಅದರ ಬೆಳಕೂ ಬಟ್ಟೆಯ ಮೇಲೆ ಬೀಳುತ್ತದೆ. ಕರಿ ಅಂಗಿ ಹಾಕಿ, ಪ್ರತಿ ಫೋಟೊಗೂ ಒಂದೇ ಜಾಗಕ್ಕೆ ಸರಿದು ನಿಲ್ಲಿ.

ಇನ್ನು ಬೇಳೆ ಯಾಕೆ? ಇಡೀ ಕಾಳು ಉರುಳುತ್ತದೆ. ಬೇಳೆಯ ಒಂದು ಬದಿ ಚಪ್ಪಟೆ, ಇಟ್ಟಲ್ಲೇ ಕೂರುತ್ತದೆ. ಎಣ್ಣೆ ಹಚ್ಚಿದ ಬೇಳೆ ಮಾತ್ರ ಬೇಡ, ಹೊಳಪು ಹೊಡೆಯುತ್ತದೆ. ಕರಿ ಮೇಲೆ ತಿಳಿ ಬಣ್ಣ ಹೇಗೆ ಎದ್ದು ಕಾಣುತ್ತದೆ ಅಂತ ಬಿದ್ರಿ ನೋಡಿ ಬೆಳೆದ ನಿಮಗೆ ನಾನು ಹೇಳಬೇಕಿಲ್ಲ. ಕ್ಲೇ ಗೊಂಬೆ ಆಮೇಲೆ. ಏಪ್ರಿಲ್–ಮೇ ಬಿಸಿಲಿಗೆ ಎಣ್ಣೆಯ ಕ್ಲೇ ಬೆರಳಿಗೆ ಅಂಟುತ್ತದೆ, ಗೊಂಬೆಯ ಮಂಡಿ ತಾನೇ ಬಾಗುತ್ತದೆ.

ಇದು ಬಡವರ ಉಪಾಯ ಅನ್ನಿಸಿದರೆ ಈಶು ಪಟೇಲರ 'ಬೀಡ್ ಗೇಮ್' ನೋಡಿ. ಗುಜರಾತಿನವರು, ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ಗಾಗಿ 1977ರಲ್ಲಿ ಮಾಡಿದ್ದು. ಬರೀ ಮಣಿಗಳು. ಒಂದು ಜೀವಿಯಾಗುತ್ತವೆ, ಅದನ್ನು ಇನ್ನೊಂದು ನುಂಗುತ್ತದೆ. ಆಸ್ಕರ್ ನಾಮನಿರ್ದೇಶನದವರೆಗೂ ಹೋಯಿತು. ಮಣಿಯ ಬಣ್ಣ ಬಿಟ್ಟು, ನುಂಗುವ ಮುನ್ನ ಆ ಜೀವಿ ಎಷ್ಟು ಫ್ರೇಮ್ ಸುಮ್ಮನಿರುತ್ತದೆ ಎಣಿಸಿ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್ ತೆರೆದು ಕೀಬೋರ್ಡಿನ 'ಇ' ಒತ್ತಿದರೆ ಒಂದೊಂದೇ ಫ್ರೇಮ್ ಸರಿಯುತ್ತದೆ. 2018ರ 'ಸ್ಪೈಡರ್-ಮ್ಯಾನ್: ಇಂಟು ದ ಸ್ಪೈಡರ್-ವರ್ಸ್' ಕೈಗೆ ಸಿಕ್ಕರೆ ಹಿಮದ ಕಾಡಿನಲ್ಲಿ ಮೈಲ್ಸ್, ಪೀಟರ್ ಇಬ್ಬರೂ ತೂಗಾಡುವ ದೃಶ್ಯಕ್ಕೆ ಹೋಗಿ. ಕಲಿಯುತ್ತಿರುವ ಮೈಲ್ಸ್ ಎರಡು ಫ್ರೇಮಿಗೊಮ್ಮೆ ಅಲುಗುತ್ತಾನೆ, ಪಳಗಿದ ಪೀಟರ್ ಪ್ರತಿ ಫ್ರೇಮಿಗೂ. ಹುಡುಗನ ತಡವರಿಕೆ ಅಲ್ಲಿ ಫ್ರೇಮಿನ ಲೆಕ್ಕದಲ್ಲೇ ಇದೆ. ಇದನ್ನು ಯಾವ ಗ್ರಾಫಿಕ್ಸ್ ಕಾರ್ಡೂ ಕಲಿಸುವುದಿಲ್ಲ.

ನಿಮ್ಮ ಬೇಳೆಗೂ ಅದೇ ಲೆಕ್ಕ. ಒಂದು ಸೆಕೆಂಡಿನಲ್ಲಿ 10 ಸೆಂ.ಮೀ. ದಾಟಿಸಬೇಕು ಅನ್ನಿ. ಹನ್ನೆರಡು ಸಲವೂ ಒಂದೇ ಅಳತೆ ಸರಿಸಿದರೆ ಗಿರಣಿ ಪಟ್ಟಿಯ ಮೇಲೆ ಹೋದಂತೆ, ಜೀವ ಇರುವುದಿಲ್ಲ. ಪಕ್ಕದಲ್ಲಿ ಸ್ಕೇಲ್ ಇಟ್ಟು ಮಿಲಿಮೀಟರಿನಲ್ಲಿ ಹೀಗೆ ಸರಿಸಿ: 2, 4, 7, 10, 13, 14, 14, 13, 10, 7, 4, 2. ಕೂಡಿದರೆ ಸರಿಯಾಗಿ 100. ಹೊರಡುವಾಗ ತೂಕ, ನಡುವೆ ಓಟ, ಕೊನೆಗೆ ನಿಲ್ಲುವ ಮನಸ್ಸು, ಮೂರೂ ಕಾಣುತ್ತವೆ. ಚಿಮಟಿಗೆಯಲ್ಲಿ ಸರಿಸಿ, ಬೆರಳು ಪಕ್ಕದ ಬೇಳೆಗೆ ತಾಗುತ್ತದೆ.

ಸ್ಟ್ಯಾಂಡ್ ಸಹ ಕೊಳ್ಳಬೇಡಿ. ಟೇಬಲ್ ಅಂಚಿನಿಂದ ಒಂದು ಹಲಗೆ ಗೇಣುದ್ದ ಹೊರಚಾಚಿ, ಹಿಂದಿನ ತುದಿಗೆ ಐದು ಕಿಲೋ ಜೋಳದ ಚೀಲ ಹೇರಿ. ಮುಂದಿನ ತುದಿಯಲ್ಲಿ ಮೊಬೈಲನ್ನು ಟೇಪ್‌ನಿಂದ ಬಿಗಿಯಿರಿ, ಲೆನ್ಸ್ ಹಲಗೆಯಿಂದ ಆಚೆ ಇಣುಕಿ ಕೆಳಗೆ ನೋಡಬೇಕು. ಕೆಳಗೆ ಶಹಾಬಾದ್ ಕಲ್ಲಿನ ನೆಲವಿದ್ದರೆ ಇನ್ನೂ ಚಲೋ, ಅದು ಅಲುಗುವುದಿಲ್ಲ. ಫೋನ್ ಮುಟ್ಟಿ ಕ್ಲಿಕ್ ಮಾಡಬೇಡಿ. ವೈರ್ ಇರುವ ಇಯರ್‌ಫೋನಿನ ವಾಲ್ಯೂಮ್ ಗುಂಡಿ ಬಹಳಷ್ಟು ಫೋನ್‌ಗಳಲ್ಲಿ ಶಟರ್ ಆಗುತ್ತದೆ, ಇಲ್ಲದಿದ್ದರೆ ಎರಡು ಸೆಕೆಂಡಿನ ಟೈಮರ್.

ಮಂಜು ಬೇಕೆನಿಸಿದರೆ ರಷ್ಯಾದ ಅನಿಮೇಟರ್ ಯೂರಿ ನಾರ್‌ಸ್ಟೈನ್ 1975ರ 'ಹೆಡ್ಜ್‌ಹಾಗ್ ಇನ್ ದ ಫಾಗ್'ನಲ್ಲಿ ಮಾಡಿದ್ದನ್ನೇ ಮಾಡಿ: ಚಿತ್ರದ ಮೇಲೆ ತೆಳು ಹಾಳೆ ಇಟ್ಟು, ಫ್ರೇಮಿಗಿಷ್ಟರಂತೆ ಕ್ಯಾಮೆರಾದ ಕಡೆ ಎತ್ತುತ್ತ ಹೋಗಿ. ಕೆಳಗಿನದು ತಾನೇ ಮಸುಕಾಗುತ್ತದೆ. ಟ್ರೇಸಿಂಗ್ ಪೇಪರ್ ಸಾಕು.

ಕೈಯಲ್ಲಿ ಬಿಡಿಸಿದ ಚಿತ್ರವೇ ಬೇಕು ಅಂದರೆ ಓಪನ್‌ಟೂನ್ಜ್, ಕ್ರಿಟಾ ಅನ್ನುವ ಸಾಫ್ಟ್‌ವೇರ್ ಎರಡೂ ಪುಕ್ಕಟೆ; ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ಮೊದಲು ನಡೆಸಿ ನೋಡಿ. ಕೋರ್ಸಿನ ಮಾತು ನೀವು ಹತ್ತು ಸೆಕೆಂಡಿನ ಆರು ಚಿತ್ರ ಮುಗಿಸಿದ ಮೇಲೆ.

ಎಲ್ಲ ಜೋಡಿಸಿದ ಮೇಲೂ ತಕ್ಷಣ ಶುರು ಮಾಡಬೇಡಿ. ಕರಿ ಬಟ್ಟೆಯ ಮೇಲೆ ಒಂದೇ ಬೇಳೆ ಇಟ್ಟು, ಅದನ್ನು ಮುಟ್ಟದೆ, ಕಾಲು ತಾಸಿನಲ್ಲಿ 24 ಫೋಟೊ ತೆಗೆದು ಓಡಿಸಿ. ಬಟ್ಟೆ ಬೂದಿಯಾಯಿತೋ, ಪ್ರೊ ಮೋಡಿನಲ್ಲಿ ಏನೋ ಒಂದು ಇನ್ನೂ ಆಟೊದಲ್ಲಿದೆ. ಬೇಳೆ ನಡುಗಿತೋ, ಚೀಲದ ತೂಕ ಸಾಲದು.