ಮಾಸು ಬೀಳಲಿ ಎಂದು ಕರುವನ್ನು ಕಾಯಿಸಬೇಡಿ

ಕರು ಸಾಕಣೆಯ ಬಗ್ಗೆ ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಈ ಸಲ ಅದಕ್ಕೇ ಹೆಚ್ಚು ಜಾಗ. ಕೊಟ್ಟಿಗೆ ಒಣಗಿರಬೇಕು, ಪಾತ್ರೆ ತೊಳೆದಿರಬೇಕು ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ.

ಪ್ರಶ್ನೆ: ನಮ್ಮ ಹಸು ಬೆಳಗಿನ ಜಾವ ಕರು ಹಾಕಿತು. ಮಾಸು ಬೀಳುವ ತನಕ ಕರುವಿಗೆ ಹಾಲು ಬಿಡಬಾರದೆಂದು ಹಿರಿಯರು ತಡೆದರು. ಮಾಸು ಬಿದ್ದದ್ದು ಮಧ್ಯಾಹ್ನ. ಆಮೇಲೆ ಹೊಟ್ಟೆ ತುಂಬ ಕುಡಿಸಿದೆವು. ಐದನೇ ದಿನ ಕರು ಭೇದಿಯಾಗಿ ಸತ್ತಿತು. ಗಿಣ್ಣದ ಹಾಲು ಹೆಚ್ಚಾಯಿತೇ?

ಉತ್ತರ: ಗಿಣ್ಣದ ಹಾಲು ಹೆಚ್ಚಾಗಿ ಕರು ಸಾಯುವುದಿಲ್ಲ. ತಡವಾದರೆ ಸಾಯುತ್ತದೆ. ಹಸುವಿನ ಮಾಸಿನ ಮೂಲಕ ತಾಯಿಯ ಪ್ರತಿಕಾಯಗಳು, ಅಂದರೆ ರೋಗ ತಡೆಯುವ ಅಂಶಗಳು, ಕರುವಿಗೆ ದಾಟುವುದಿಲ್ಲ, ಅವು ಬರಬೇಕಾದದ್ದು ಗಿಣ್ಣದ ಹಾಲಿನಿಂದಲೇ. ಅವನ್ನು ಇಡಿಯಾಗಿ ರಕ್ತಕ್ಕೆ ಸೇರಿಸಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಮೊದಲ ಆರು ಗಂಟೆ ಚೆನ್ನಾಗಿರುತ್ತದೆ. ಆಮೇಲೆ ಇಳಿಯುತ್ತ ಬಂದು 24 ಗಂಟೆಗೆ ಹೆಚ್ಚೂಕಡಿಮೆ ನಿಂತೇಹೋಗುತ್ತದೆ. ಮಧ್ಯಾಹ್ನ ಕುಡಿಸಿದ್ದರಿಂದ ಹೊಟ್ಟೆ ತುಂಬಿತು, ರಕ್ಷಣೆ ಮಾತ್ರ ಅರೆಬರೆಯಾಯಿತು.

ಇನ್ನು ಮಾಸಿನ ವಿಷಯ. ಕರು ಮೊಲೆ ಚೀಪಿದಾಗ, ಕೈಯಲ್ಲಿ ಕರೆದಾಗಲೂ, ಹಸುವಿನ ದೇಹದಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಹುಟ್ಟುತ್ತದೆ. ಕೆಚ್ಚಲಿಗೆ ಹಾಲು ಇಳಿಸುವುದೂ ಅದೇ, ಗರ್ಭಕೋಶವನ್ನು ಹಿಂಡುವುದೂ ಅದೇ. ಹಾಲು ಕುಡಿಸಿದರೆ ಮಾಸು ಬೀಳಲು ಅನುಕೂಲವೇ ಆಗುತ್ತದೆ. ಇಷ್ಟು ಗೊತ್ತಿದ್ದೂ ಕರುವನ್ನು ಹಸಿವಿನಲ್ಲಿಡುವುದನ್ನು ನಾನು ಸಂಪ್ರದಾಯ ಎಂದು ಒಪ್ಪಲಾರೆ.

ಕೆಚ್ಚಲನ್ನು ಬೆಚ್ಚನೆಯ ನೀರಿನಲ್ಲಿ ತೊಳೆದು ಒರೆಸಿ. ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆ ಚೆಲ್ಲಿ. ಒಂದು ಗಂಟೆಯೊಳಗೆ, ತೀರಾ ತಡವೆಂದರೆ ಎರಡು ಗಂಟೆಯೊಳಗೆ ಕುಡಿಸಿ. ಕರುವಿನ ತೂಕದ ಹತ್ತನೇ ಒಂದು ಭಾಗ ಬೇಕು. 30 ಕೆ.ಜಿ.ಯ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಕರುವಿಗೆ 3 ಲೀಟರ್: ಒಂದೂವರೆ ಲೀಟರ್ ಮೊದಲ ಸಲ, ಉಳಿದದ್ದು ಆರು ಗಂಟೆಯೊಳಗೆ. ತಾಯಿಯ ಬಳಿ ಬಿಟ್ಟರೆ ಎಷ್ಟು ಕುಡಿಯಿತೆಂದು ತಿಳಿಯುವುದಿಲ್ಲ. ಕೆಚ್ಚಲು ಜೋತುಬಿದ್ದಿದ್ದರಂತೂ ಎಳೆಗರು ಮೊಲೆ ಹುಡುಕಿಯೇ ಸೋತುಬಿಡುತ್ತದೆ. ಕರೆದು ನಿಪ್ಪಲ್ ಬಾಟಲಿಯಲ್ಲಿ ಕೊಡಿ.

ಬಾಯಿಗೆ ಸುರಿಯುವ ಬಿದಿರಿನ ಗೊಟ್ಟ ಬೇಡವೇ ಬೇಡ. ಕತ್ತೆತ್ತಿ, ನಾಲಿಗೆ ಹಿಡಿದು ಸುರಿದರೆ ಕರು ನುಂಗಲಾರದೆ ಹಾಲು ಶ್ವಾಸನಾಳಕ್ಕೆ ಇಳಿಯುತ್ತದೆ. ಆಗಲೇ ಕೆಮ್ಮುತ್ತದೆ, ಮೂಗಿನಲ್ಲಿ ಹಾಲು ಬರುತ್ತದೆ. ಹಿಂದೆಯೇ ಜ್ವರ, ನ್ಯುಮೋನಿಯಾ.

ಮೊದಲ ಕರೆತದಲ್ಲೇ ಗಿಣ್ಣು ಮಾಡಿ ಬೀದಿಗೆಲ್ಲ ಹಂಚುವವರಿದ್ದಾರೆ. ಆ ಹಾಲು ಕರುವಿನದು, ಗಿಣ್ಣಿಗೆ ಮರುದಿನದ್ದು ಸಾಕು. ಕರುವಿಗೆ ಕಾಯಿಸಿಯೂ ಕೊಡಬೇಡಿ, ಒಲೆಯ ಮೇಲೆ ಗಟ್ಟಿಯಾಗುವ ಅಂಶದಲ್ಲಿ ಆ ಪ್ರತಿಕಾಯಗಳೂ ಸೇರಿವೆ. ಮಿಕ್ಕಿದ್ದನ್ನು ಒಂದೊಂದು ಲೀಟರಿನ ಚೀಲದಲ್ಲಿ ಫ್ರೀಜರಿನಲ್ಲಿಟ್ಟರೆ ತಾಯಿ ಸತ್ತ ಕರುವಿಗೆ ಆಗುತ್ತದೆ. ಕರಗಿಸುವ ನೀರು 50 ಡಿಗ್ರಿ ಮೀರಬಾರದು.

ಮಾಸು 12 ಗಂಟೆಯಾದರೂ ಬೀಳದಿದ್ದರೆ ಪಶುವೈದ್ಯರನ್ನು ಕರೆಸಿ. ಅದಕ್ಕೆ ಕಲ್ಲು, ಚಪ್ಪಲಿ ಕಟ್ಟುವವರನ್ನು, ಕೈಹಾಕಿ ಕೀಳುವ ನಕಲಿ ವೈದ್ಯರನ್ನು ಕೊಟ್ಟಿಗೆಯೊಳಗೆ ಬಿಡಬೇಡಿ. ಎಳೆದದ್ದು ತುಂಡಾಗಿ ಒಳಗೇ ಕೊಳೆಯುತ್ತದೆ. ಗರ್ಭಕೋಶಕ್ಕೆ ಗಾಯವಾಗಿ ಕೀವಾದರೆ ಹಸು ಮತ್ತೆ ಗಬ್ಬ ಕಟ್ಟುವುದೇ ಕಷ್ಟ.

ಪ್ರಶ್ನೆ: ಕರುವಿನ ಹೊಕ್ಕುಳಿಗೆ ಸಗಣಿ ಬೂದಿ ಹಚ್ಚಬಹುದೇ?

ಉತ್ತರ: ಕೂಡದು. ಟಿಂಚರ್ ಅಯೋಡಿನ್ನಿನಲ್ಲಿ ಅದ್ದಿ, ದಿನಕ್ಕೆರಡು ಸಲ, ಮೂರು ದಿನ.

ಪ್ರಶ್ನೆ: ಸುಳಿ ನೋಡಿ ಕರು ಕೊಳ್ಳಬೇಕೇ?

ಉತ್ತರ: ಹೊಕ್ಕುಳು ಒಣಗಿದೆಯೇ, ಮೊಣಕಾಲು ಊದಿದೆಯೇ, ಬಾಲದ ಬುಡ ಭೇದಿಯಿಂದ ಒದ್ದೆಯಾಗಿದೆಯೇ ನೋಡಿ. ಸುಳಿ ಹಾಲು ಕೊಡುವುದಿಲ್ಲ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಯುವ ರೈತರ ಕ್ಲಬ್ಬುಗಳಿವೆಯಂತೆ. ನಮ್ಮೂರಲ್ಲೂ ಮಾಡಬಹುದೇ?

ಉತ್ತರ: ಖಂಡಿತ ಮಾಡಿ. ಅಲ್ಲಿ ಮೊದಲ ಕ್ಲಬ್ಬು 1921ರಲ್ಲಿ ಡೆವನ್ ಪ್ರಾಂತ್ಯದ ಹೆಮಿಯಾಕ್‌ನಲ್ಲಿ ಶುರುವಾದದ್ದೇ ಕರು ಸಾಕುವುದಕ್ಕೆ. ರಾಷ್ಟ್ರೀಯ ಒಕ್ಕೂಟವಾದದ್ದು 1932ರಲ್ಲಿ. ನೀವೂ ಬೋರ್ಡು, ಉದ್ಘಾಟನೆ ಬಿಟ್ಟು ಕರುವಿನಿಂದಲೇ ಶುರು ಮಾಡಿ. ಐದು ಮಕ್ಕಳಿಗೆ ಒಂದೊಂದು ಕರು, ಒಂದೊಂದು ನೋಟ್‌ಬುಕ್ ಸಾಕು. ವಾರಕ್ಕೊಮ್ಮೆ ಟೇಪಿನಿಂದ ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದ ಅಳೆಯಲಿ, ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದಲೂ ಗುಣಿಸಿ, 10,840ರಿಂದ ಭಾಗಿಸಿದರೆ ಕೆ.ಜಿ. ತೂಕ ಅಂದಾಜು ಸಿಗುತ್ತದೆ. ಸುತ್ತಳತೆ 75, ಉದ್ದ 65 ಇದ್ದರೆ ಸುಮಾರು 34 ಕೆ.ಜಿ. ಮಿಶ್ರತಳಿ ಕರು ವಾರಕ್ಕೆ 3 ಕೆ.ಜಿ. ಹತ್ತಿರ ಏರಬೇಕು. ಏರದಿದ್ದರೆ ಮೊದಲು ಜಂತುಹುಳು, ಆಮೇಲೆ ಹಾಲಿನ ಅಳತೆ ನೋಡಿ. ಮನೆಯ ದೊಡ್ಡವರು ಅಲ್ಲಿಯೇ ಹಾಲು ಉಳಿಸಿರುತ್ತಾರೆ.

ಪ್ರಶ್ನೆ: ಅವಳಿ ಹುಟ್ಟಿವೆ, ಒಂದು ಹೋರಿಗರು, ಒಂದು ಹೆಣ್ಣುಗರು. ಹೆಣ್ಣನ್ನು ಹಾಲಿಗೆ ಸಾಕಲೇ?

ಉತ್ತರ: ಬೇಡ. ಇಂಥ ಹೆಣ್ಣುಗರುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಬಂಜೆ. ಖರ್ಚು ಮಾಡುವ ಮೊದಲು ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ.